ಮೂರನೇ ಖಾನೆಯ ಹಕ್ಕಿಗಳು

ಹಕ್ಕಿ ಎಣಿಸುವುದು ಶಾಂತ ಕೆಲಸ ಅಂತ ಮಂದಿ ತಿಳಿದಿದ್ದಾರೆ. ಎಣಿಸುವುದು ಶಾಂತ, ಖರೆ. ಆದರೆ ಎಣಿಸಿದ್ದಕ್ಕೆ ಹೆಸರು ಬರೆಯಲು ಕೂತರೆ ಫಜೀತಿಗಳು ಒಂದರ ಹಿಂದೊಂದು ಬಾಗಿಲು ಬಡಿಯುತ್ತಲೇ ಇರುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಐದು ಚಳಿಗಾಲ ಹಕ್ಕಿ ಬರೆದವನು ನಾನು. ಘಟಪ್ರಭಾ ಹೊಳೆಯ ಆಚೆ ದಂಡೆಯಲ್ಲಿ ಕೂತ ಗುಬ್ಬಿ ಯಾವ ಕಣ್ಣು ಮುಚ್ಚಿತು ಅಂತ ಈಚೆ ದಂಡೆಯಿಂದ ಹೇಳುತ್ತಿದ್ದೆ. ದುರ್ಬೀನು ಸರ್ ಅವರಿಗೆ ಬೇಕಾಗುತ್ತಿತ್ತು, ನನಗಲ್ಲ.

ಅಡ್ಡಹೆಸರು

ನಾನು ಎಮ್ಮೆ ವ್ಯಾಪಾರದವನು. ಸಾಲಿ ಮೆಟ್ಟಿಲು ಹತ್ತಿದವನಲ್ಲ. ಸಂತೆಯಿಂದ ಸಂತೆಗೆ ಹೋಗುವಾಗ ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತೆ. ಸರ್ ಅಂದರೆ ಗೋಕಾಕದಲ್ಲಿ ಕಾಲೇಜು ಮಾಸ್ತರಾಗಿ ನಿವೃತ್ತರಾದವರು. ಒಂದು ದಿನ ನಾಗನೂರ ಹಾದಿಯಲ್ಲಿ ನನ್ನ ಎಮ್ಮೆಗಳನ್ನು ನಿಲ್ಲಿಸಿ ಹೇಳಿದರು:

"ಇಡೀ ದೇಶದ ಹಕ್ಕಿಗಳ ದಾಖಲೆ ಕಂಪ್ಯೂಟರಿನ್ಯಾಗ ಕೂಡಸಾಕತ್ತಾರ. ಅವರ ನಕಾಶಿದಾಗ ಎಲ್ಲಾ ಕಡೆ ಚುಕ್ಕಿ ಅದಾವ, ನಮ್ಮ ಕಡೆ ಬರೇ ಬಿಳೀ. ನಾ ಇರೂದರಾಗ ಆ ಬಿಳೀ ಜಾಗಾ ತುಂಬಬೇಕು."

"ಅಂದ್ರ ನಮ್ಮ ಕಡೆ ಹಕ್ಕೀನ ಇಲ್ಲ ಅಂತ ತಿಳದಾರೇನ್ರಿ?"

"ಹಾಂಗ ತಿಳೀತಾರ."

ನನಗೆ ಸಿಟ್ಟು ಬಂತು. ಅವತ್ತೇ ಸೇರಿಕೊಂಡೆ.

ಫಾರ್ಮಿನಲ್ಲಿ ಮೂರು ಖಾನೆ. ಒಂದನೆಯದರಲ್ಲಿ ಹಕ್ಕಿಯ ನಂಬರು, ಎರಡನೆಯದರಲ್ಲಿ ಎಷ್ಟು ಕಂಡವು, ಮೂರನೆಯದರಲ್ಲಿ ಮೂರನೇ ಹೆಸರು. ಸರ್ ಬಿಡಿಸಿ ಹೇಳಿದರು: ಶಾಸ್ತ್ರದ ಪುಸ್ತಕದಲ್ಲಿ ಪ್ರತಿ ಹಕ್ಕಿಗೂ ಎರಡು ಹೆಸರು ಇದ್ದೇ ಇರುತ್ತವೆ. ಅದೇ ಹಕ್ಕಿ ಒಂದೊಂದು ಸೀಮೆಯಲ್ಲಿ ತುಸು ಬೇರೆ ಬಣ್ಣದ್ದಿದ್ದರೆ ಆ ಸೀಮೆಯದಕ್ಕೆ ಇನ್ನೊಂದು ಹೆಸರು, ಅದು ಮೂರನೆಯದು. ಫರಕು ಕಣ್ಣಾರೆ ಕಂಡರೆ ಬರೆಯಬೇಕು, ಇಲ್ಲದಿದ್ದರೆ ಖಾಲಿ ಬಿಡಬೇಕು.

"ಒಟ್ಟ ಅಡ್ಡಹೆಸರ ಅನ್ರಿ," ಅಂದೆ. ನಮ್ಮ ಕಡೆ ಹಿರಿಯರು ಯಾವ ಊರಿಂದ ಬಂದರೋ ಆ ಊರೇ ಎಷ್ಟೋ ಮನೆಗಳಿಗೆ ಅಡ್ಡಹೆಸರು.

ಸರ್ ಸ್ವಲ್ಪ ವಿಚಾರ ಮಾಡಿ, "ಹಾಂಗ ಅಂದ್ರೂ ನಡೀತೈತಿ," ಅಂದರು. ಮೂವತ್ತು ವರ್ಷ ಪಾಠ ಹೇಳಿದರೂ ಇಷ್ಟು ತುಟ್ಟಿಯ 'ನಡೀತೈತಿ' ಇನ್ನೊಂದು ಅಂದಿರಲಿಲ್ಲ ಅಂತ ಮುಂದೆ ಅವರೇ ಹೇಳಿದರು.

ಬಣ್ಣ ಬರುವ ತಿಂಗಳು

ಚಳಿಗಾಲಕ್ಕೆ ಬಾಲ ಕುಣಿಸುವ ಒಂದು ಹಳದಿ ಹಕ್ಕಿ ಬರುತ್ತದೆ. ಎಮ್ಮೆಯ ಕಾಲ ಸುತ್ತ ಹುಳ ಹಿಡಿಯುತ್ತ ಓಡಾಡುತ್ತದೆ. ನನ್ನ ಒಂದು ಎಮ್ಮೆಯ ಬೆನ್ನ ಮೇಲೆ ನಲವತ್ತು ಕೂತು, ಎಮ್ಮೆಯೇ ಹಳದಿ ಕಂಡು, ಮೂಡಲಗಿ ಸಂತೆಯಲ್ಲಿ ಗಿರಾಕಿಯೊಬ್ಬ "ಇದ್ಯಾವ ತಳೀರಿ?" ಅಂತ ಕೇಳಿದ್ದುಂಟು.

ಸರ್ ಹೇಳಿದರು: "ತಲಿ ನೋಡು. ಬೂದಿ ತಲಿ, ಮ್ಯಾಲ ಬಿಳೀ ಹುಬ್ಬು ಇದ್ರ ಅದರ ಮೂರನೇ ಹೆಸರು ಭೀಮಾ. ನಮ್ಮ ಭೀಮಾ ಹೊಳಿದ ಹೆಸರ ಅದು."

"ಆ ಹೊಳಿ ದಂಡ್ಯಾಗ ಸಿಕ್ಕಿತ್ತೇನ್ರಿ?"

"ಹೂಂ, ಆ ಸೀಮ್ಯಾಗ." ಇದನ್ನು ನಾನು ಮನಸ್ಸಿನಲ್ಲಿ ಗಟ್ಟಿ ಇಟ್ಟುಕೊಂಡೆ.

ಆದರೆ ಡಿಸೆಂಬರದಲ್ಲಿ ಎಲ್ಲದರ ತಲೆಯೂ ಮಣ್ಣುಬಣ್ಣ. "ಮಾರ್ಚ್ ತನಕ ತಡಿ," ಅಂದರು ಸರ್. "ತಮ್ಮ ಊರಿಗೆ ಹಾರೂಕಿಂತ ಮೊದಲ ಹೊಸಾ ಪುಕ್ಕ ಬಂದು ಬಣ್ಣ ಏರತೈತಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ನೋಡ, ಹಕ್ಕೀನೂ ತವರಿಗೆ ಹೊಂಟಾಗ ಸಿಂಗಾರ ಆಗತೈತಿ, ನಿನ್ನಂಗ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾಕ ತಿಂಗಳ ನಿಮ್ಮ ಎಮ್ಮಿ ಹಿಂದ ಅಡ್ಡಾಡಿದ್ರ ಯಾ ಹಕ್ಕೀ ಮ್ಯಾಲ ಬಣ್ಣ ಉಳೀತೈತ್ರಿ?" ಅಂದಳು.

ಸಂಕೇಶ್ವರದ ಕಂಪ್ಯೂಟರು

ನಮ್ಮ ಫಾರ್ಮುಗಳನ್ನು ಸಂಕೇಶ್ವರದಲ್ಲಿ ಲಗ್ನಪತ್ರಿಕೆ ಮಾಡುವವನೊಬ್ಬ ಕಂಪ್ಯೂಟರಿಗೆ ಏರಿಸುತ್ತಿದ್ದ. ಆ ಮಾರ್ಚದಲ್ಲಿ ಬೂದಿ ತಲೆ, ಬಿಳಿ ಹುಬ್ಬು ಕಂಡಿತು. ಮೊದಲ ಸಾಲಿನಲ್ಲಿ ಭೀಮಾ ಅಂತ ಬರೆದೆವು, ಉಳಿದ ಸಾಲುಗಳಲ್ಲಿ ಮೂರನೇ ಖಾನೆ ಖಾಲಿ. ಅವನು ತೆಗೆದುಕೊಟ್ಟ ಕಾಗದ ನೋಡಿದರೆ ಕಾಗೆಗೂ ಭೀಮಾ, ನವಿಲಿಗೂ ಭೀಮಾ, ಹದ್ದಿಗೂ ಗೂಗೆಗೂ ಭೀಮಾ.

"ಇದೇನೋ ಮಾರಾಯಾ?" ಅಂದರು ಸರ್.

"ಲಗ್ನಪತ್ರಿಕಿ ರಿವಾಜ್ರಿ ಸರ್. ಮ್ಯಾಲ ಯಜಮಾನರ ಅಡ್ಡಹೆಸರ ಹಾಕಿ ಕೆಳತನಕ ಎಳದಬಿಡತೇವ್ರಿ. ತಮ್ಮಂದಿರು, ಮಕ್ಕಳು, ಎಲ್ಲಾರೂ ಬರತಾರ."

"ಇವ್ಯಾವೂ ತಮ್ಮಂದಿರಲ್ಲೋ! ಒಂದನ್ನೊಂದು ಹರಕೊಂಡು ತಿನ್ನಾವು!"

"ಲಗ್ನದ ಮನ್ಯಾಗ ಅದೂ ಇರೂದ ಐತಿ ಬಿಡ್ರಿ, ಸರ್."

ಮ್ಯಾಡಮ್ ಬಂದರು

ಐದನೇ ಚಳಿಗಾಲಕ್ಕೆ ಸರ್ ಅವರ ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಶನ್ ಆಯಿತು. ಹಸಿರು ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತರು. ಆಪರೇಶನ್ನಿಗೆ ಮೊದಲೇ ಎಲ್ಲ ಫಾರ್ಮುಗಳ ನೆತ್ತಿಯ ಮೇಲೆ 'ಸ್ಥಳ: ಗೋಕಾಕ' ಅಂತ ಬರೆದು ಕಟ್ಟನ್ನು ನನ್ನ ಕೈಗೆ ಕೊಟ್ಟಿದ್ದರು. ಒಬ್ಬನೇ ಮೂರೂ ಕಡೆ ತಿರುಗಿದೆ. ಒಂದು ಮುಂಜಾನೆ ಏಳು ಹಳ್ಳಿ ಮುಗಿಸಿದ್ದುಂಟು, ಅದೂ ಎಮ್ಮೆ ಹೊಡೆದುಕೊಂಡು. ನಂಬರು ಬರೆದೆ, ಎಷ್ಟು ಅಂತ ಬರೆದೆ, ಮೂರನೇ ಖಾನೆಯನ್ನೂ ತುಂಬಿದೆ. ಒಂದೂ ಖಾಲಿ ಬಿಡಲಿಲ್ಲ. ಸಂಕೇಶ್ವರದವನು ಈ ಸಲ ಇದ್ದದ್ದನ್ನು ಇದ್ದ ಹಾಗೇ ಏರಿಸಿ ಕಳಿಸಿದ.

ಎರಡು ತಿಂಗಳಿಗೆ ಆ ಹಕ್ಕಿ ದಾಖಲೆ ಕೂಡಿಸುವ ಕಚೇರಿಯಿಂದ ಪತ್ರ ಬಂತು. ಪಟ್ಟಿ ಬಿಚ್ಚಿದ ಮೇಲೆ ಹೊಸ ಕಣ್ಣಿಂದ ಸರ್ ಮೊದಲು ಓದಿದ್ದು ಅದನ್ನೇ. 'ನಿಮ್ಮ ಪಟ್ಟಿಯ ಮೂರನೇ ಹೆಸರುಗಳು ಜಗತ್ತಿನ ಯಾವ ಗ್ರಂಥದಲ್ಲೂ ಇಲ್ಲ. ಮೇಲಾಗಿ ಇಡೀ ಚಳಿಗಾಲದ ಹಕ್ಕಿಗಳು ಗೋಕಾಕ ಎಂಬ ಒಂದೇ ಸ್ಥಳದಲ್ಲಿ ಕಂಡಿವೆ. ನಮ್ಮವರು ಬಂದು ಪರಿಶೀಲಿಸುತ್ತಾರೆ. ಸಮಾಧಾನವಾಗದಿದ್ದರೆ ಐದೂ ವರ್ಷದ ದಾಖಲೆ ಬದಿಗಿಡಲಾಗುವುದು.'

"ನಕಾಶಿ ಬಿಳೀನ ಉಳೀತು," ಅಂದರು ಸರ್. ಊಟ ಬಿಟ್ಟರು.

ಧಾರವಾಡದಿಂದ ಒಬ್ಬ ಮ್ಯಾಡಮ್ ಬಂದರು. ನೋಡಿದವನನ್ನೇ ಕೇಳಬೇಕು ಅಂತ ಸರ್ ಜೊತೆ ನೆಟ್ಟಗೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕಾಗದ ಹರವಿದರು.

"ಈ ಕಾಗಿದ ಮೂರನೇ ಹೆಸರು ಬೆಲ್ಲದ ಬಾಗೇವಾಡಿ ಅಂತ ಬರದೀರಿ. ಬ್ಯಾರೆ ಕಾಗಿಗಿಂತ ಏನ ಫರಕ?"

"ಫರಕ ಏನಿಲ್ರಿ. ಬೆಲ್ಲದ ಬಾಗೇವಾಡ್ಯಾಗ ಕುಂತಿತ್ತು."

"ಮತ್ತ ಇದು? ನಾಗನೂರ?"

"ಅದು ನಾಗನೂರಾಗ ಇತ್ರಿ. ಭೀಮಾ ದಂಡ್ಯಾಗ ಸಿಕ್ಕಿದ್ದು ಭೀಮಾ ಆದ್ರ, ನಾಗನೂರಾಗ ಸಿಕ್ಕಿದ್ದು ನಾಗನೂರ ಯಾಕ ಆಗಬಾರ್ದ್ರಿ?"

ಸರ್ ತಲೆ ಮೇಲೆ ಕೈ ಹೊತ್ತು ಕೂತರು. ಮ್ಯಾಡಮ್ ಮಾತ್ರ ಕಾಗದದ ಮೇಲೆ ಬೆರಳು ಇಳಿಸುತ್ತ ಇಳಿಸುತ್ತ ಕೇಳಿದರು, "ಎಲ್ಲಾ ಹಕ್ಕಿಗೂ ಕಂಡ ಊರ ಬರದೀರೇನು?"

"ಒಂದೂ ಬಿಟ್ಟಿಲ್ರಿ."

ಪರೀಕ್ಷೆಗೆ ಅಂತ ನಡುನಡುವೆ ಹನ್ನೊಂದು ಸಾಲು ಆರಿಸಿ ಕೇಳಿದರು. ಹನ್ನೊಂದಕ್ಕೂ ಯಾವ ಗಿಡ, ಯಾವ ಟೊಂಗೆ ಅಂತ ಹೇಳಿದೆ. ಒಂದರ ಟೊಂಗೆ ತಪ್ಪಿರಬಹುದು, ಗಿಡ ತಪ್ಪಿಲ್ಲ.

ಮ್ಯಾಡಮ್ ನಕ್ಕೇಬಿಟ್ಟರು. "ಸರ್, ನಿಮ್ಮ ಸ್ಥಳದ ಖಾನೆ ತಪ್ಪು, ಇವರ ಮೂರನೇ ಖಾನೆ ತಪ್ಪು. ಇದನ್ನ ಎತ್ತಿ ಅಲ್ಲಿ ಇಟ್ರ ಎರಡೂ ಬರೋಬರಿ ಆಗತಾವ. ನಿಮ್ಮ ಮೂರೂ ಕಡೆ ಊರೂರಿಗೆ ಚುಕ್ಕಿ ಬೀಳತಾವ ಈಗ."

ಕಣ್ಣಿಗೆ ನೀರು ತಾಗಿಸಬಾರದು ಅಂತ ಡಾಕ್ಟರು ಸರ್ ಅವರಿಗೆ ಹೇಳಿದ್ದರು. ಸರ್ ಕೇಳಲಿಲ್ಲ.

ಅಷ್ಟರಲ್ಲಿ ಕಡೆಯ ಹಾಳೆಗೆ ಬಂದ ಮ್ಯಾಡಮ್, "ಈ ಗುಬ್ಬಿ ಮುಂದ ಇರೂ ಊರ ಎಲ್ಲಿ ಬರತೈತಿ? ನಕಾಶಿದಾಗ ಕಾಣವಲ್ದು," ಅಂದರು.

"ಊರಲ್ರಿ ಅದು. ನನ್ನ ಅಡ್ಡಹೆಸರು," ಅಂದೆ. "ಆ ಗುಬ್ಬಿ ನಮ್ಮ ಪಡಸಾಲ್ಯಾಗ ಗೂಡ ಕಟ್ಟೈತ್ರಿ. ಮನಿ ಮಂದೀನ ಆತಲ್ಲ."

ಚಹಾ ತಂದ ಹೆಂಡತಿ ಕಪ್ಪು ಕೆಳಗಿಟ್ಟಳು. "ನೋಡ್ರಿ ಅಕ್ಕಾರ, ಈ ಮನಿಗೆ ಬಂದು ಮೂವತ್ತ ವರ್ಷಾತು. ಮತದಾರರ ಯಾದ್ಯಾಗ ಇನ್ನೂ ನನಗ ತವರಮನಿ ಅಡ್ಡಹೆಸರ ಐತಿ. ನಾಳಿ ಬದಲ ಮಾಡಸ್ತೇನಿ, ನಾಡದ ಮಾಡಸ್ತೇನಿ ಅಂತ ಇವರು ಹೇಳಕೋಂತನ ಬಂದಾರ. ಗುಬ್ಬಿಗೆ ಮಾತ್ರ ಮೂರ ದಿನದಾಗ ಹಚ್ಯಾರ!"

ಮ್ಯಾಡಮ್ ಪೆನ್ನಿನ ಟೋಪಿ ಮುಚ್ಚಿದರು. "ಈ ಅಕ್ಕಾರ ಅಡ್ಡಹೆಸರ ಬದಲಾಗೂತನಕ ಈ ಗುಬ್ಬಿ ನಾ ಒಪ್ಪೂದಿಲ್ಲ," ಅಂದರು.

ಮರುದಿನ ಮುಂಜಾನೆ ಗೋಕಾಕದ ತಹಶೀಲ್ದಾರ ಕಚೇರಿಯಲ್ಲಿ ಪಾಳಿ ಹಚ್ಚಿದೆ. ಬಾಜೂಕ ಹೆಂಡತಿ. ಗುಮಾಸ್ತ ಅರ್ಜಿ ನೋಡಿ ಚಷ್ಮಾ ಇಳಿಸಿದ.

"ಮೂವತ್ತ ವರ್ಷ ಸುಮ್ಮ ಇದ್ದು ಇವತ್ತ ಯಾಕ ಇಷ್ಟ ಗಡಿಬಿಡಿರಿ? ಕಾರಣ ಅಂತ ಒಂದ ಖಾನೆ ಐತಿ, ಖಾಲಿ ಬಿಡಾಕ ಬರೂದಿಲ್ಲ. ಏನ ಬರೀಲಿ?"

ನಾನು ಹೆಂಡತಿಯ ಮಾರಿ ನೋಡಿದೆ.

"ಬರೀರಿ," ಅಂದೆ, "ಗುಬ್ಬಿ."