ಲುಬೋರನ ಗಂಟಲು ನೋವು

ಈಸ್ಟರ್ ಸೋಮವಾರ ಬೆಳಗ್ಗೆ ಲುಬೋರ್ ಮಿಕೆಸ್ಕಾ ಒಂದು ಸಣ್ಣ ಸುಳ್ಳು ಹೇಳಿದ. ಪ್ರಭು ಸಮಾಧಿಯಿಂದ ಎದ್ದ ಮಾರನೆಯ ದಿನ ಹೇಳಬಾರದ ಸುಳ್ಳು ಅದು. ಆದರೆ ಅಂದು ಸಂಜೆ ಐದು ಗಂಟೆಗೆ ಪಂದ್ಯವಿತ್ತು.

ಲುಬೋರ್ ಕ್ಲೆನೋವ್ ಊರಿನ ಐಸ್ ಹಾಕಿ ತಂಡದಲ್ಲಿ ಹದಿನೆಂಟು ವರ್ಷದಿಂದ ರಕ್ಷಣೆಯ ಆಟಗಾರ. ಒಂದು ಚಳಿಗಾಲ ಫಿನ್ಲೆಂಡಿಗೆ ಹೋಗಿ ಆಡಿ, ಅಲ್ಲಿಯ ಊಟ ಒಗ್ಗದೆ ವಾಪಸು ಬಂದಿದ್ದ. ಎದುರಾಳಿಗಳ ಹೊಡೆತಕ್ಕೆ ಮೈಯೊಡ್ಡುವುದೇ ಅವನ ಕೆಲಸ. ಅದರಲ್ಲಿ ಒಂಬತ್ತು ಹಲ್ಲು ಕಳೆದುಕೊಂಡಿದ್ದ. ಇಡೀ ಜೀವನದಲ್ಲಿ ಮೂವತ್ತೊಂದು ಗೋಲು ಹೊಡೆದಿದ್ದ, ಅದರಲ್ಲಿ ಎರಡು ತನ್ನದೇ ತಂಡದ ಬಲೆಗೆ. ವಯಸ್ಸು ಮೂವತ್ತೇಳು. ಈ ವಸಂತಕ್ಕೆ ಕರಾರು ಮುಗಿಯುತ್ತಿತ್ತು. ಸೋಮವಾರ ನಡೆಯುವ ಸೆಮಿಫೈನಲಿನ ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ನೆಟ್ಟಗೆ ಆಡಿದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇನೆ ಎಂದು ಕೋಚ್ ಸೆಡ್ಲಾರ್ ಮಾತು ಕೊಟ್ಟಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಅಂದು ಯಾರ ಬಾಯಿಂದ ಸಾರಾಯಿ ವಾಸನೆ ಬಂದರೂ ಅವರು ಬೂಟು ಬಿಚ್ಚಿ ಮನೆಗೆ ಹೋಗಬಹುದು.

ಕೋಚಿಗೆ ಹೇಳುವುದು ಸುಲಭ, ಅವರು ನಗರದವರು. ಕ್ಲೆನೋವಿನಲ್ಲಿ ಈಸ್ಟರ್ ಸೋಮವಾರ ಗಂಡಸರು ವಿಲೋ ಕಡ್ಡಿ ಹೆಣೆದ ಚಾಟಿ ಹಿಡಿದು ಮನೆಮನೆಗೆ ಹೋಗಿ ಹೆಂಗಸರ ಕಾಲಿಗೆ ಮೆಲ್ಲಗೆ ಹೊಡೆಯಬೇಕು. ಹೊಡೆಸಿಕೊಳ್ಳದ ಹೆಣ್ಣು ಆ ವರ್ಷ ಒಣಗಿಹೋಗುತ್ತಾಳೆ. ಹೊಡೆಸಿಕೊಂಡವಳು ಬಣ್ಣದ ಮೊಟ್ಟೆ ಕೊಡುತ್ತಾಳೆ, ಮನೆಯಲ್ಲೇ ಇಳಿಸಿದ ಪ್ಲಮ್ ಸಾರಾಯಿಯ ಒಂದು ಲೋಟ ಕೊಡುತ್ತಾಳೆ. ಲೋಟ ಬೇಡ ಎಂದರೆ ಆ ಮನೆಯನ್ನೇ ಬೇಡ ಎಂದಂತೆ.

ಹೋಗುವುದೇ ಬೇಡ ಎಂದು ಲುಬೋರ್ ಹೊದ್ದು ಮಲಗಿದ್ದ. ಹೆಂಡತಿ ಬ್ಲಾಂಕಾ ಹೊದಿಕೆ ಎಳೆದಳು. "ಹೋದ ವರ್ಷ ನೀನು ಕಾಲು ಮುರ್ಕೊಂಡು ಹೋಗ್ಲಿಲ್ಲ. ಎದುರುಮನೆಯವಳಿಗೆ ಮಂಡಿನೋವು ಬಂದಿದ್ದು ನನ್ನಿಂದಾನೇ ಅಂತಾಳೆ. ನೀನು ಆಡೋಕೆ ಹೋಗ್ತೀಯ, ಈ ಬೀದೀಲಿ ಬದುಕಬೇಕಾದೋಳು ನಾನು."

ಮೊದಲನೆಯದು ಕುಬೆಲ್ಕೋವಾ ಅಜ್ಜಿಯ ಮನೆ. ಆಕೆ ಮೇಜಿನ ಮೇಲೆ ತೀರಿಹೋದ ಗಂಡನ ಲೋಟವನ್ನೇ ತೊಳೆದಿಟ್ಟಿದ್ದಳು. ಸಾರಾಯಿಯೂ ಆತ ಇಳಿಸಿದ್ದೇ, ಕೊನೆಯ ಸೀಸೆ. ನಲವತ್ತು ವರ್ಷ ಊರ ತಂಡದ ಒಂದೂ ಪಂದ್ಯ ನೋಡದೆ ಬಿಡದ ಮನುಷ್ಯ ಆತ. ಸತ್ತವರ ಹೆಸರಿನ ಲೋಟವನ್ನು ಬರಿಯ ಬಾಯಿಮಾತಿನಿಂದ ತಳ್ಳುವುದಾದರೂ ಹೇಗೆ? ಲುಬೋರ್ ಗಂಟಲು ಹಿಡಿದುಕೊಂಡ. "ಗಂಟಲು ನೋವು ಅಜ್ಜಿ, ಮಾತ್ರೆ ತಗೋತಿದ್ದೀನಿ. ಇದು ಕುಡಿಯೋ ಹಾಗಿಲ್ಲ."

ಅಜ್ಜಿ ಸೀಸೆಗೆ ಬಿರಡೆ ಹಾಕಿ, ಲೋಟದ ಬದಲಿಗೆ ಮೂರು ಮೊಟ್ಟೆ ತನ್ನೆದುರೇ ತಿನ್ನಿಸಿ ಕಳಿಸಿದಳು. ಉಪಾಯ ಗೆದ್ದಿತೆಂದು ಲುಬೋರ್ ಎದೆಯುಬ್ಬಿಸಿ ಮುಂದಿನ ಗೇಟು ತೆಗೆದ.

ಆದರೆ ಅಜ್ಜಿಯ ಮನೆಯಲ್ಲಿ ಫೋನ್ ಇತ್ತು. ಅವನಿಗಿಂತ ಮೊದಲೇ ಸುದ್ದಿ ಗೇಟು ದಾಟುತ್ತಿತ್ತು, ದಾಟುವಾಗಲೆಲ್ಲ ಸ್ವಲ್ಪ ದಪ್ಪಗಾಗುತ್ತಿತ್ತು. ಮೂರನೆಯ ಮನೆಗೆ ಬರುವಷ್ಟರಲ್ಲಿ ಗಂಟಲು ನೋವು ಮೂತ್ರಪಿಂಡಕ್ಕೆ ಇಳಿದಿತ್ತು. ಕಸಾಯಿ ಪ್ರೊಕೊಪ್ ಕೈ ಕುಲುಕಿ, ತನ್ನ ಷಡ್ಡಕನಿಗೂ ಹೀಗೇ ಶುರುವಾಗಿತ್ತೆಂದು ಹೇಳಿ, ಹೊಗೆಯಲ್ಲಿಟ್ಟ ಮಾಂಸದ ಒಂದು ತುಂಡನ್ನೂ ನಾಲ್ಕು ಮೊಟ್ಟೆಯನ್ನೂ ಲುಬೋರನ ಬಾಯಿಗಿಟ್ಟ. ಏಳನೆಯ ಮನೆಯಲ್ಲಿ ಯಾರೂ ಹೊಡೆಸಿಕೊಳ್ಳಲು ಒಪ್ಪಲಿಲ್ಲ. ರೋಗಿಯ ಕೈಗೆ ಶ್ರಮ ಕೊಡಬಾರದೆಂದು ಚಾಟಿ ಕಿತ್ತುಕೊಂಡು ಶಾಲು ಹೊದಿಸಿದರು. ಒಂಬತ್ತನೆಯದು ನಿವೃತ್ತ ನರ್ಸ್ ಹೆಡ್ವಿಕಾಳ ಮನೆ. ಹತ್ತೊಂಬತ್ತು ಮೊಟ್ಟೆ ತಿಂದು ಬೀಟ್‌ರೂಟಿನಂತಾಗಿದ್ದ ಅವನ ಮುಖ ನೋಡಿ ಆಕೆ ನಾಡಿ ಹಿಡಿದಳು.

"ಇದು ಗಂಟಲಲ್ಲ ಕಣಪ್ಪ, ಹೃದಯ," ಎಂದಳು.

"ಮೊಟ್ಟೆ ಜಾಸ್ತಿ ಆಯ್ತು, ಅಷ್ಟೇ."

"ಎಲ್ಲಾ ಹೃದ್ರೋಗಿಗಳೂ ಹೊಟ್ಟೆ ಮೇಲೇ ಹಾಕ್ತಾರೆ."

ಮೂರು ಗಂಟೆಗೆ ಲುಬೋರ್ ಕ್ರೀಡಾಂಗಣ ಸೇರಿದ. ಬಾಯಿ ಶುದ್ಧ, ತಲೆ ನಿರ್ಮಲ. ಹದಿನಾಲ್ಕು ಮನೆ ದಾಟಿ ಒಂದು ಹನಿಯೂ ನಾಲಿಗೆಗೆ ಸೋಕಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಟಗಾರರ ಪಟ್ಟಿ ಬರೆದ ಹಲಗೆಯ ಮೇಲೆ ಮಾತ್ರ ಅವನ ಹೆಸರಿರಲಿಲ್ಲ.

ಬೆಳಗಿನಿಂದ ಹನ್ನೊಂದು ಫೋನು ಬಂದಿವೆ ಎಂದು ಕೋಚ್ ಸೆಡ್ಲಾರ್ ಹೇಳಿದರು. ಹನ್ನೊಂದನೆಯದು ಪಾದ್ರಿಗಳದು, ಅವರಾಗಲೇ ಪ್ರಾರ್ಥನೆ ಶುರುಮಾಡಿದ್ದರು. ಲುಬೋರ್ ಎಲ್ಲವನ್ನೂ ಒಪ್ಪಿಕೊಂಡ. ಕೋಚ್ ಕರಗಲಿಲ್ಲ. "ಮಂಜಿನ ಮೇಲೆ ನೀನು ಬಿದ್ದು ಸತ್ರೆ ಈ ಊರು ನನ್ನನ್ನ ಬಿಡುತ್ತಾ? ಡಾಕ್ಟರ ಚೀಟಿ ತಾ. ನಾಲ್ಕರೊಳಗೆ ತಂದ್ರೆ ನಿನ್ನ ಹೆಸರು ಬರೀತೀನಿ."

ತಂಡದ ಡಾಕ್ಟರ್ ಮಾಟ್ಯಾಶ್ ಎರಡು ಬೀದಿಯಾಚೆ ಇದ್ದರು. ಹೆಡ್ವಿಕಾ ಮೂವತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು, ಅವಳ ಮಾತು ಅವರಿಗೆ ವೇದವಾಕ್ಯ. ಎದೆಗೆ ಕೊಳವೆಯಿಟ್ಟು ಕೇಳಿದರು, ಏನೂ ಸಿಗಲಿಲ್ಲ, ಆದರೂ ಸಮಾಧಾನವಾಗಲಿಲ್ಲ. ರಕ್ತ ಪರೀಕ್ಷೆಗೆ ಪ್ರಯೋಗಾಲಯ ನಾಳೆಯೇ ತೆರೆಯುವುದು. ಕೊನೆಗೆ ಬೀರುವಿನಿಂದ ಪ್ಲಮ್ ಸಾರಾಯಿಯ ಒಂದು ಸೀಸೆ ತೆಗೆದರು.

"ನೀನು ಮಾತ್ರೆ ತಗೊಂಡಿದ್ರೆ ಇದು ಒಳಗೆ ನಿಲ್ಲಲ್ಲ. ನಿಂತ್ರೆ ಕಾಯಿಲೆ ಇಲ್ಲ, ಮಾತ್ರೆ ಇಲ್ಲ ಅಂತ ನೀನು ಹೇಳೋದು ನಿಜ, ನಾನು ಬರ್ಕೊಡ್ತೀನಿ."

ಗಡಿಯಾರದಲ್ಲಿ ಮೂರೂ ನಲವತ್ತು. ಲುಬೋರ್ ಕಣ್ಣು ಮುಚ್ಚಿ ಲೋಟ ಎತ್ತಿದ. ಅದು ಒಳಗೆ ನಿಂತಿತು, ತುಂಬ ಹಾಯಾಗಿ ನಿಂತಿತು. ಖಚಿತವಾಗಲೆಂದು ಡಾಕ್ಟರು ಇನ್ನೊಂದು ಬಗ್ಗಿಸಿದರು, ರೋಗಿ ಒಬ್ಬನೇ ಕುಡಿಯಬಾರದೆಂದು ತಾವೂ ಜೊತೆಗೂಡಿದರು. ಆಮೇಲೆ ದುಂಡನೆಯ ಅಕ್ಷರದಲ್ಲಿ ಬರೆದು ಮೊಹರು ಒತ್ತಿದರು: ಪೂರ್ಣ ಆರೋಗ್ಯವಂತ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಲುಬೋರ್ ಚೀಟಿಯನ್ನು ಬಾವುಟದಂತೆ ಹಿಡಿದು ಓಡಿಬಂದ. ಏದುಸಿರು ಬಿಡುತ್ತ ಕೋಚಿನ ಮುಖಕ್ಕೆ ನೇರವಾಗಿ ನಿಂತ. ಕೋಚ್ ಚೀಟಿ ಓದಿದರು. ಬಳಪವನ್ನೂ ಎತ್ತಿಕೊಂಡರು. ಆಮೇಲೆ ಅವರ ಮೂಗು ಅರಳಿತು.

"ಎಷ್ಟು ಮನೇಲಿ ಕುಡ್ದೆ?"

"ಒಂದರಲ್ಲೂ ಇಲ್ಲ ಕೋಚ್. ಡಾಕ್ಟರೇ ಕುಡಿಸಿದ್ದು."

ಕೋಚ್ ನ್ಯಾಯವಂತರು, ಅಲ್ಲೇ ಡಾಕ್ಟರಿಗೆ ಫೋನ್ ಮಾಡಿದರು. ಅತ್ತಲಿಂದ ಬಂದ ದನಿ ಲುಬೋರನಿಗೂ ಕೇಳಿಸಿತು. "ನಾನಾ? ತಂಡದ ಡಾಕ್ಟರಾಗಿ, ಪಂದ್ಯದ ದಿನ? ನಮ್ಮನೇಲಿ ಚಹಾ ಬಿಟ್ರೆ ಬೇರೇನೂ ಸಿಗಲ್ಲ."

ಕೋಚ್ ಬಳಪ ಕೆಳಗಿಟ್ಟರು.

ಹೊರಗೆ ಗೇಟಿನ ಬಳಿ ಬೀದಿಯವರೆಲ್ಲ ಕೋಳಿ ಸಾರಿನ ಪಾತ್ರೆ ಹಿಡಿದು ಕಾದಿದ್ದರು. ಚೀಲ ಹೊತ್ತು ಹೊರಬಂದವನನ್ನು ಪ್ರೊಕೊಪ್ ಒಂದು ಕಡೆಯಿಂದ ಹಿಡಿದುಕೊಂಡ, ಹೆಡ್ವಿಕಾ ಇನ್ನೊಂದು ಕಡೆಯಿಂದ.

"ನಾನು ಹೇಳ್ಲಿಲ್ವಾ," ಎಂದಳು ಹೆಡ್ವಿಕಾ ಎಲ್ಲರ ಕಡೆ ತಿರುಗಿ. "ಮುಖ ನೋಡಿ. ಬೆಳಗ್ಗೆಗಿಂತ ಇನ್ನೂ ಕೆಂಪಾಗಿದೆ."