ರಾಜಿ ಮೇಷ್ಟ್ರ ಪಾಡು

ಜಗಳ ಆಡುವವರಿಗೆ ಸುಸ್ತಾಗುವುದಿಲ್ಲ, ಬಿಡಿಸುವವನಿಗೆ ಆಗುತ್ತದೆ. ಪಾಠ ಹೇಳಿಕೊಂಡು ತೆಪ್ಪಗಿದ್ದ ನನ್ನನ್ನು ತರಬೇತಿಗೆ ಕಳಿಸಿ, ಶಾಲೆಗೂ ಸುತ್ತಲ ಊರುಗಳಿಗೂ ರಾಜಿ ಮಾಡಿಸುವವನನ್ನಾಗಿ ಮಾಡಿದರು. ಅಂದಿನಿಂದ ನನಗೆ ಒಂದೇ ಆಸೆ. ಒಂದಾದರೂ ರಾಜಿ ನನ್ನ ಕಣ್ಣೆದುರು ನೆಟ್ಟಗೆ ಆಗಬೇಕು. ಆಗಬೇಕಲ್ಲ!

ಮಕ್ಕಳ ಸಮಿತಿ

ಎದುರಾಳಿ ಹೇಳಿದ್ದನ್ನು ನೀನು ನಿನ್ನ ಬಾಯಲ್ಲೇ ಮತ್ತೊಮ್ಮೆ ಹೇಳಬೇಕು, ಆಗ ಅವನ ನೋವು ಅರ್ಥವಾಗುತ್ತದೆ ಅಂತ ತರಬೇತಿಯಲ್ಲಿ ಕಲಿಸಿದ್ದರು. ಅದನ್ನೇ ನಮ್ಮ ಶಾಲೆಯ ರಾಜಿ ಸಮಿತಿಗೆ ಕಲಿಸಿದೆ. ಬೆಂಚಿನ ಜಾಗಕ್ಕೆ ಹೊಡೆದಾಡಿದ ಇಬ್ಬರು ಹುಡುಗರನ್ನು ಕೂರಿಸಿದರು. ಒಬ್ಬ ಇನ್ನೊಬ್ಬನ ಬೈಗುಳವನ್ನು ಒಂದಕ್ಷರ ಬಿಡದೆ, ಮೇಲೆರಡು ಸೇರಿಸಿ ಒಪ್ಪಿಸಿದ. ಸಮಿತಿಯ ಹುಡುಗಿ ಗಂಭೀರವಾಗಿ ಹೇಳಿದಳು:

"ಇನ್ನೊಂದ್ಸಲ ಗಟ್ಟಿಯಾಗಿ ಹೇಳಪ್ಪ, ಹಿಂದಿನ ಬೆಂಚಿನೋರಿಗೆ ಕೇಳಿಸ್ಲಿಲ್ಲ."

ಗೌರಿಬಿದನೂರು ಕಡೆಯವರು

ದಾರಿ ವಿಷಯಕ್ಕೆ ಜಗಳವಾಡಿ, ಮಾತು ಬಿಟ್ಟು ವರ್ಷಗಳಾಗಿದ್ದ ಅಕ್ಕಪಕ್ಕದ ಹೊಲದವರು ರಾಜಿಗೆ ಬಂದರು. ಕಿಟಕಿಯಿಂದ ನೋಡಿದರೆ ಇಬ್ಬರೂ ಒಂದೇ ಬೈಕಿನಿಂದ ಇಳಿಯುತ್ತಿದ್ದಾರೆ. ನನಗೆ ಜೀವ ಬಂತು.

"ಮಾತಾಡೋಕೆ ಶುರು ಮಾಡಿದ್ರಾ?" ಅಂದೆ.

ಬೈಕ್ ಓಡಿಸಿದವನು ಮುಖ ತಿರುಗಿಸಿದ. "ಬಸ್ಸು ತಪ್ಪೋಯ್ತು ಸಾರ್, ಅದಕ್ಕೆ ಹತ್ತಿಸ್ಕೊಂಡೆ. ಬೈಕಲ್ಲಿ ಕೂರೋಕೆ ಮಾತ್ಯಾಕೆ?"

ಸಂಜೆಯವರೆಗೂ ಕಚ್ಚಾಡಿ, ರಾಜಿಯಾಗದೆ, ಅದೇ ಬೈಕಲ್ಲಿ ವಾಪಸ್ ಹೋದರು.

ಒಂದೇ ಗೋಡೆ

ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಇಬ್ಬರು ವಾರಗಿತ್ತಿಯರು. ಹಿರಿಯಳ ಹುಳ ಸಾಕುವ ಮನೆಗೂ ಕಿರಿಯಳ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಕಿರಿಯಳು ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಘಾಟು ಅಲ್ಲಿಗೆ ನುಗ್ಗಿ ರೇಷ್ಮೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಅಂತ ಹಿರಿಯಳ ದೂರು. ಆ ಬೆಳೆ ಕೈಕೊಟ್ಟರೆ ಹಿರಿಯಳ ಮಗಳ ಮದುವೆಯೇ ಮುಂದಕ್ಕೆ ಹೋಗುವಂತಿತ್ತು.

ಅಂಗಳದಲ್ಲಿ ಕೂತು ಮಾತು ಜೋರಾಯಿತು. ಕನ್ನಡದಲ್ಲಿ ಶುರುವಾದದ್ದು ತೆಲುಗಿಗೆ ಹೋಯಿತು. ಅಂದರೆ ವಿಷಯ ಕೈ ಮೀರಿತು ಅಂತಲೇ. ಅಷ್ಟರಲ್ಲಿ ಹುಳದ ಮನೆಯ ಕಿಟಕಿಯತ್ತ ನೋಡಿದ ಕಿರಿಯಳು ಕಿರುಚಿದಳು:

"ಅಕ್ಕಾ! ಹುಳ ಹಣ್ಣಾಗೈತೆ!"

ಹಣ್ಣಾದ, ಅಂದರೆ ನೂಲು ಸುತ್ತುವಷ್ಟು ಬಲಿತ ಹುಳ ಕಾಯುವುದಿಲ್ಲ. ಕೂಡಲೇ ಆರಿಸಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಂಡಲ್ಲಿ ನೂಲು ಸುತ್ತಿ ಹಾಳಾಗುತ್ತದೆ. ಮೊದಲು ಒಳಗೆ ಓಡಿದವಳು ಕಿರಿಯಳೇ. ನನ್ನನ್ನೂ ಬಿಡಲಿಲ್ಲ. ಕೈಕಾಲು ತೊಳೆಸಿ, ಹುಳದ ತಟ್ಟೆಯ ಮುಂದೆ ಕೂರಿಸಿದರು. ವಾರಗಿತ್ತಿಯರು ಹೆಗಲಿಗೆ ಹೆಗಲು ತಾಗಿಸಿಕೊಂಡು ಹುಳ ಆರಿಸಿದರು. ಒಬ್ಬಳ ಹಣೆಯ ಬೆವರನ್ನು ಇನ್ನೊಬ್ಬಳು ಸೆರಗಿನಿಂದ ಒರೆಸಿದಳು. ಸೊಂಟ ಮುರಿದುಹೋಗಿದ್ದರೂ ನನ್ನ ಕಣ್ಣು ತುಂಬಿ ಬಂತು.

ಕೊನೆಯ ಹುಳವೂ ಚಂದ್ರಿಕೆ ಸೇರಿತು. ಬೆಳೆ ಉಳಿಯಿತು. ಹೊರಗೆ ಬಂದು ಕಾಫಿ ಕೊಟ್ಟರು.

"ಹಂಗಾದ್ರೆ ರಾಜಿ ಆಯ್ತಲ್ಲಮ್ಮ?" ಅಂದೆ, ಚಪ್ಪಲಿ ಮೆಟ್ಟುತ್ತಾ.

"ಅದೆಂಗಾಯ್ತದೆ ಮೇಷ್ಟ್ರೇ?" ಹಿರಿಯಳು ಸೆರಗು ಬಿಗಿದು ಕೂತಳು. "ಈಗ ತಾನೇ ಬಿಡುವಾಗೈತೆ, ಕೂತ್ಕಳಿ. ನಮ್ ಜಗಳ ಎಲ್ಲಿಗೆ ನಿಂತಿತ್ತು ಕಣೇ?"

ಕಿರಿಯಳು ಅವಳಿಗೆ ಇನ್ನಷ್ಟು ಕಾಫಿ ಬಗ್ಗಿಸುತ್ತಾ ನೆನಪಿಸಿದಳು:

"ನಾನು ನಿನ್ನ ತವರುಮನೆಯೋರನ್ನ ಬೈತಿದ್ದೆ ಕಣಕ್ಕ."