ದತ್ತಾತ್ರಿ ಮಾಸ್ತರರ ತುಕ್ಕು

ಮನೆಗೆ ನಾಲ್ಕು ಜನ ಬರುತ್ತಾರೆಂದರೆ ಪುತಳಾಬಾಯಿಗೆ ತಿಕ್ಕುವ ಹುಚ್ಚು. ಆ ಬೆಳಿಗ್ಗೆ ಹುಣಸೆಹಣ್ಣು, ಬೂದಿ ಹಿಡಿದು ಹಂಡೆ, ತಂಬಿಗೆಗಳ ಜೊತೆಗೆ ಗಂಡನ ರೇಡಿಯೋದಲ್ಲಿದ್ದ ತುಕ್ಕು ಬ್ಲೇಡನ್ನೂ ತಿಕ್ಕಿ ಕನ್ನಡಿ ಮಾಡಿಟ್ಟಳು.

ಭಾಲ್ಕಿಯ ಆ ಓಣಿಗೆಲ್ಲ ಅದೊಂದೇ ರೇಡಿಯೋ. ದತ್ತಾತ್ರಿ ಮಾಸ್ತರರೇ ಮಾಡಿದ್ದು. ಹಲಗೆಯ ಮೇಲೆ ತಂತಿಯ ಸುರುಳಿ, ಆ ಬ್ಲೇಡು, ಅದಕ್ಕೆ ತಾಗಿಸಿದ ಪೆನ್ಸಿಲ್ ಮೊನೆ, ಟೆಲಿಫೋನಿನ ಮುರುಕು ರಿಸೀವರು. ಇಂಡಿಯಾದ ಫೌಜು ನಿಜಾಮನ ರಾಜ್ಯಕ್ಕೆ ನುಗ್ಗಿದಂದಿನಿಂದ ಓಣಿಯವರಿಗೆ ಅನ್ನ ಸೇರುತ್ತಿರಲಿಲ್ಲ. "ನಾಳಿ ಬರ್ರಿ, ಖಬರ ನಾ ಹೇಳ್ತೇನಿ" ಎಂದು ಹಿಂದಿನ ದಿನ ಮಾಸ್ತರರು ಎದೆಯುಬ್ಬಿಸಿ ಹೇಳಿ ಬಂದಿದ್ದರು. ಊರಲ್ಲಿ ಅವರಿಗಿದ್ದ ಆಸ್ತಿಯೆಂದರೆ ಆಡಿದ ಮಾತಿನ ಮರ್ಯಾದೆಯೊಂದೇ.

ಮಾಸ್ತರರು ರಿಸೀವರು ಕಿವಿಗಿಟ್ಟರೆ ಖಾಲಿ ಗಡಿಗೆಯಷ್ಟೂ ಸದ್ದಿಲ್ಲ.

"ಏನ ಮಾಡಿದಿ ಇದಕ?"

"ಜಂಗ ಹತ್ತಿ ತುಕ್ಕ ಹಿಡದಿತ್ತರಿ. ಮಂದಿ ನೋಡಿದ್ರ ನನಗ ಅಂತಾರ."

"ಜಂಗಿನಾಗೇ ಅದರ ಜೀವ ಇತ್ತು. ಶುದ್ಧ ಉಕ್ಕಿನಾಗ ಕರೆಂಟ ಆ ಕಡಿನೂ ಹೋಗ್ತದ, ಈ ಕಡಿನೂ ಬರ್ತದ, ಆವಾಜ ಹುಟ್ಟೂದಿಲ್ಲ. ಜಂಗಿನಾಗ ಜರಾ ಐಬು, ಜರಾ ಹೊಲಸು ಇರೋ ಜಾಗಾ ಸಿಕ್ರ ಒಂದೇ ಕಡಿ ಬಿಡ್ತದ. ಅವಾಗ ನುಡಿತದ."

"ಐಬ ಇದ್ರ ಛಲೋ ಅಂದ್ರ ನನಗ ಯಾಕ ದಿನಾ ಬೈತೀರಿ?" ಎಂದಳು ಪುತಳಾಬಾಯಿ.

ಅಷ್ಟರಲ್ಲಿ ಅಂಗಳ ತುಂಬಿತ್ತು. "ರೇಡಿಯೋದಾಗ ಏನಂತಾರ ಮಾಸ್ತರ?" ಎಂದು ಗಡಿಯಾರ ರಿಪೇರಿಯ ಲಾಲ ಅಹ್ಮದ ಕೇಳಿದ. ಎದುರುಮನೆಯ ಮುದುಕಿ ಈರಮ್ಮ ಕೈಮುಗಿದೇ ನಿಂತಿದ್ದಳು. ಹೆಂಡತಿ ತಿಕ್ಕಿದ ಕತೆ ಹೇಳಲು ನಾಲಿಗೆ ಏಳಲಿಲ್ಲ. ಮಾಸ್ತರರು ಕಣ್ಣು ಮುಚ್ಚಿ, "ಸಂಜಿಗಿ ಕಮಲನಗರದ ಹಾದಿಲಿಂದ ಫೌಜು ಬರ್ತದಂತ. ಯಾರಿಗೂ ಏನೂ ಮಾಡೂದಿಲ್ಲಂತ" ಎಂದುಬಿಟ್ಟರು.

ಓಣಿಗೆ ಉಸಿರು ಬಂತು. ಊರು ಬಿಡಲು ಗಂಟು ಕಟ್ಟಿದ್ದ ಲಾಲ ಅಹ್ಮದ ಗಂಟು ಬಿಚ್ಚಿದ. ಈರಮ್ಮ ಮನೆಯಲ್ಲಿದ್ದ ಜೋಳದ ಹಿಟ್ಟನ್ನೆಲ್ಲ ಸುರಿದುಕೊಂಡು ಫೌಜಿಗೆಂದು ರೊಟ್ಟಿ ಬಡಿಯಲು ಕೂತಳು. ದಿನವಿಡೀ ಆ ಪಟಪಟ ಸದ್ದು ಕೇಳುತ್ತ ಮಾಸ್ತರರು ನಾಚಿಕೆಯಿಂದ ಹಿಡಿಯಷ್ಟಾಗಿ ಮೂಲೆಯಲ್ಲಿ ಕೂತರು. ಪುತಳಾಬಾಯಿ ತನ್ನ ತಪ್ಪು ತಿದ್ದಲೆಂದು ಬ್ಲೇಡನ್ನು ಉಪ್ಪುನೀರಲ್ಲದ್ದಿ, ಕೆಂಡದ ಮೇಲಿಟ್ಟು, ಮತ್ತೆ ಹಲಗೆಗೆ ಸಿಕ್ಕಿಸಿದಳು. ಅವರು ಅತ್ತ ನೋಡಲೂ ಇಲ್ಲ.

ಸಂಜೆ ಕಮಲನಗರದ ಹಾದಿಯಲ್ಲಿ ನಿಜವಾಗಿಯೂ ಧೂಳೆದ್ದಿತು. ರೊಟ್ಟಿಬುಟ್ಟಿ ಹಿಡಿದು ಕಾದಿದ್ದ ಜನರನ್ನು ಕಂಡು ಜೀಪಿನಿಂದಿಳಿದ ಅಧಿಕಾರಿ ಹುಬ್ಬು ಗಂಟಿಕ್ಕಿದ. ಈ ಹಾದಿ ಹಿಡಿಯಬೇಕೆಂಬುದು ಅವನಿಗೇ ಮಧ್ಯಾಹ್ನವಷ್ಟೇ ಗೊತ್ತಾಗಿತ್ತು. ಬರುವುದನ್ನು ಹೇಳಿದವರು ಯಾರೆಂದು ಕೇಳಿದಾಗ ಓಣಿ ಹೆಮ್ಮೆಯಿಂದ ಮಾಸ್ತರರನ್ನು ಮುಂದೆ ತಳ್ಳಿತು.

ಬೇಹುಗಾರನೆಂದು ಹಿಡಿದೊಯ್ಯುತ್ತಾರೆಂದು ಮಾಸ್ತರರಿಗೆ ಹೊಳೆಯಿತು. ಮೊದಲು ಉರ್ದುವಿನಲ್ಲಿ ಅಧಿಕಾರಿಗೆ, ಆಮೇಲೆ ತಲೆ ತಗ್ಗಿಸಿ ಓಣಿಗೆ ಹೇಳಿದರು: "ಆ ರೇಡಿಯೋ ನುಡಿಯೂದೇ ಇಲ್ಲರಿ. ಮರ್ಯಾದಿಗಂಜಿ ಸುಳ್ಳ ಹೇಳೇನಿ." ಈರಮ್ಮ ಬುಟ್ಟಿ ಕೆಳಗಿಟ್ಟಳು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು ಅವರಿಗೆ.

ಅಧಿಕಾರಿ ಮನೆಯೊಳಗೆ ಹೋಗಿ ರಿಸೀವರು ಕಿವಿಗಿಟ್ಟ. ಕೇಳಿ, ಅದನ್ನು ಲಾಲ ಅಹ್ಮದನ ಕೈಗೆ ಕೊಟ್ಟ.

"ಹೈದರಾಬಾದ ನುಡಿಲಿಕತ್ತದರಿ ಮಾಸ್ತರ, ಗಂಟಿ ಹೊಡದಾಂಗ" ಎಂದ ಲಾಲ ಅಹ್ಮದ.

"ನಾನೇ ಮತ್ತ ಜಂಗ ಹತ್ತಿಸೇನಿರಿ" ಎಂದು ಬಾಗಿಲ ಹಿಂದಿನಿಂದ ಪುತಳಾಬಾಯಿ ಸಂತೋಷದಿಂದ ಹೇಳಿದಳು.

ಹಾಗಾದರೆ ಬೇಹುಗಾರನೇ ಎಂದು ಮಾಸ್ತರರನ್ನು ಜೀಪಿಗೆ ಹತ್ತಿಸಿದರು. ಈರಮ್ಮ ಓಡಿಬಂದು ಅವರ ಮಡಿಲಿಗೆ ಎರಡು ರೊಟ್ಟಿ ಹಾಕಿ, ಕಣ್ಣೊರೆಸಿಕೊಂಡು ಕೇಳಿದಳು:

"ಮುಂಜಾನಿ ಅಷ್ಟ ಛಂದ ಖರೇ ಹೇಳಿದ್ರಿ. ಈಗ ಯಾಕ ಸುಳ್ಳ ಹೇಳಿದ್ರಿ ಯಪ್ಪಾ?"